ಹೆರಾಲ್ಡಿನ ತಂಗಿ

ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಒಂದು, ಎಲ್ಲವನ್ನೂ ಹೊಸತು ಮಾಡಲಾಗಿದೆ. ಇನ್ನೊಂದು, ಎಲ್ಲವೂ ಒರಿಜಿನಲ್. ಗ್ರಂಥಸಂಪಾದನೆಯಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ಎರಡೂ ಒಂದೇ ಸಾಲಿನಲ್ಲಿ ಕಂಡರೆ ಕಿವಿ ನೆಟ್ಟಗಾಗುತ್ತದೆ. ಓಲೆಗರಿಯ ಪ್ರತಿಯೊಂದರ ಬಗ್ಗೆ ನಾನು ಹೀಗೆ ಬರೆದರೆ ನನ್ನ ಮಾರ್ಗದರ್ಶಕರು ಆ ಪುಟವನ್ನು ಹಾಗೆಯೇ ವಾಪಸು ಕೊಡುತ್ತಾರೆ.

ಕಳೆದ ಮಳೆಗಾಲದಲ್ಲಿ ಅಂಥದ್ದೊಂದು ಜಾಹೀರಾತು ನನ್ನ ಸೋದರಮಾವನ ಫೋನಿಗೆ ಬಂತು. ಕೆಂಪು ಬಣ್ಣದ ಟ್ರಯಂಫ್ ಸ್ಪಿಟ್‌ಫೈರ್. ಎರಡೇ ಸೀಟು, ತಲೆಯ ಮೇಲೆ ಮಡಚಿಡುವ ಬಟ್ಟೆಯ ಮಾಡು. ಕಳಿಸಿದವರು ಬೆಳ್ತಂಗಡಿ ಕಡೆಯವರು. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು. ಅವರ ಅಪ್ಪನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಅದು ಕೆಟ್ಟಾಗಲೆಲ್ಲ ಬರುತ್ತಿದ್ದದ್ದು ಬಂಟ್ವಾಳದ ಪಾಣೆಮಂಗಳೂರಿನಲ್ಲಿದ್ದ ಮಾವನ ಗ್ಯಾರೇಜಿಗೆ. ಕೂಡಿಟ್ಟ ಹಣದ ದೊಡ್ಡ ಪಾಲನ್ನು ಈ ಕಾರಿಗೆ ಹಾಕುವ ಮೊದಲು ಮಾವನ ಒಂದು ಮಾತು ಅವರಿಗೆ ಬೇಕಿತ್ತು. ಗ್ಯಾರೇಜು ಮುಚ್ಚಿ ಒಂಬತ್ತು ವರ್ಷವಾಗಿದೆ. ಈ ನಡುವೆ ಮಾವನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

“ಇದು ನಮ್ಮ ಹೆರಾಲ್ಡಿನ ತಂಗಿ ಅಲ್ವಾ ಮಾರಾಯ್ತಿ,” ಎಂದರು ಮಾವ, ಕನ್ನಡಕ ಸರಿಮಾಡಿಕೊಂಡು.

ಆ ಮಾತು ಬರೀ ಪ್ರೀತಿಯದ್ದಲ್ಲ. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಬಂದದ್ದು 1959ರಲ್ಲಿ. ಕಾರಿಗೆ ಅಖಂಡವಾದ ಬಾಡಿ ಮಾಡಿಕೊಡಬಲ್ಲ ಕಾರ್ಖಾನೆ ಪ್ರತಿಸ್ಪರ್ಧಿಯ ಪಾಲಾಗಿದ್ದರಿಂದ, ಕಂಪನಿ ಹಳೆಯ ಪದ್ಧತಿಯಂತೆ ಕೆಳಗೆ ಬೇರೆಯೇ ಚಾಸಿ ಇಟ್ಟು, ಬಾಡಿಯನ್ನು ತುಂಡುತುಂಡಾಗಿ ಮಾಡಿ ಬೋಲ್ಟು ಹಾಕಿ ಜೋಡಿಸಿತು. ಹಾಗೆ ಜೋಡಿಸುವ ಕಾರನ್ನು ದೂರದ ದೇಶಗಳಲ್ಲಿ ಕಟ್ಟುವುದು ಸುಲಭ. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ಕಟ್ಟತೊಡಗಿತು. ಅದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿಯಿಂದ ಚಂದದ ಮೈ ಬರೆಸಿ, ಯುದ್ಧವಿಮಾನದ ಹೆಸರಿಟ್ಟು 1962ರಲ್ಲಿ ಹೊರತಂದದ್ದೇ ಸ್ಪಿಟ್‌ಫೈರ್. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು. ಅಕ್ಕ ಮದರಾಸಿಗೆ ಬಂದಳು, ತಂಗಿ ಬರಲಿಲ್ಲ. ಆದರೂ ಎರಡಕ್ಕೂ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೆಕ್ಯಾನಿಕ್ಕು ಮುಂದಿನ ಟಯರಿನ ಮೇಲೆ ಕೂತು ಕೆಲಸ ಮಾಡಬಹುದು. ಮಾವ ತನ್ನ ಅರ್ಧ ಆಯುಷ್ಯ ಹಾಗೆ ಕೂತವರು.

ಅವರು ಫೋಟೋದಲ್ಲಿ ಬಣ್ಣ ನೋಡಲಿಲ್ಲ, ಬಾಗಿಲಿನ ಸಂದು ನೋಡಿದರು. “ಮೇಲೆ ಸಪೂರ ಉಂಟು, ಕೆಳಗೆ ಅಗಲ. ಮಾಡು ಇಲ್ಲದ ಕಾರು ನಡು ಬಗ್ಗಿದರೆ ಹೀಗೆ ಆಗುವುದು.” ಸ್ಪಿಟ್‌ಫೈರಿನಲ್ಲಿ ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಯೇ ಬಾಡಿಗೆ ಬೆನ್ನೆಲುಬು. ತುಕ್ಕು ಮೊದಲು ತಿನ್ನುವುದೂ ಅದನ್ನೇ. ಹಳೆಯದನ್ನು ಕತ್ತರಿಸುವಾಗ ಬಾಗಿಲಿನ ಜಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಕೊಡದಿದ್ದರೆ ಬಾಡಿ ಅಲ್ಲೇ ಕುಸಿಯುತ್ತದೆ. ಆಮೇಲೆ ಎಷ್ಟು ಪಾಲಿಶ್ ಮಾಡಿದರೂ ಸಂದು ಸುಳ್ಳು ಹೇಳುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯ ಮೆಕ್ಯಾನಿಕ್ಕಿಗೆ ತುಕ್ಕಿನ ದಾರಿ ಯಾರೂ ಕಲಿಸಿಕೊಡಬೇಕಾಗಿಲ್ಲ.

ಮಾವನಿಂದ ಈ ಓದನ್ನು ಕೇಳುವಾಗ ನನಗೆ ನೆನಪಾದದ್ದು ನಾನೀಗ ಕೋಣೆ ಮಾಡಿಕೊಂಡಿರುವ ಮೂಡುಬಿದಿರೆ. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆ ಉಳಿದದ್ದು ಇಲ್ಲಿನ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ಓಲೆಗಳಲ್ಲಿ. ವೀರಸೇನರು ಕೈಯಾರೆ ಬರೆದ ಓಲೆಯಲ್ಲ ಅದು. ಗರಿ ಹಾಳಾಗುವ ಮೊದಲು ಇನ್ನೊಂದು ಗರಿಗೆ ಇಳಿಸುತ್ತ ಬಂದದ್ದು. ಇಪ್ಪತ್ತನೆಯ ಶತಮಾನದಲ್ಲಿ ಅದು ಅಚ್ಚಾಗಲು ಶುರುವಾದದ್ದೂ ನಕಲುಗಳ ಮೂಲಕವೇ. ಓಲೆ ಹೊಸತಾದರೆ ಗ್ರಂಥ ಸುಳ್ಳಾಗುವುದಿಲ್ಲ. ಹುಳ ತಿಂದ ಅಕ್ಷರವನ್ನು ಊಹಿಸಿ ತುಂಬಿದ ಮೇಲೆ ಕಂಸ ಹಾಕದೆ ಬಿಟ್ಟಾಗ ಮಾತ್ರ ಸುಳ್ಳು ಶುರುವಾಗುತ್ತದೆ. ಹೊಸ ತಗಡು ಹಾಕಿದ ಕಾರಿನ ಬಗ್ಗೆಯೂ ನನಗೆ ತಕರಾರಿಲ್ಲ. ಕಂಸ ಎಲ್ಲಿ ಎಂಬುದಷ್ಟೇ ನನ್ನ ಪ್ರಶ್ನೆ.

ಬೆಳ್ತಂಗಡಿ ತಾಲ್ಲೂಕಿನವರಿಗೆ ಹಳೆಯ ಕಾರು ಅಪರೂಪದ ವಸ್ತುವಲ್ಲ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳನ್ನು ಧರ್ಮಸ್ಥಳದಲ್ಲಿ ನೋಡದೆ ನಮ್ಮ ಶಾಲೆಯ ಪ್ರವಾಸ ಮುಗಿಯುತ್ತಿರಲಿಲ್ಲ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಇನ್ನೊಂದು ಸಂಗ್ರಹಾಲಯವೂ ತೆರೆಯಿತು. ಸಂಗ್ರಹಾಲಯದ ಕಾರಿಗೆ ಯಾರೂ ಬೆಲೆ ಕಟ್ಟುವುದಿಲ್ಲ, ಹಾಗಾಗಿ ಯಾವ ನಟ್ಟು ಯಾವ ಕಾಲದ್ದು ಎಂದು ಕೇಳದೆಯೂ ನೋಡಿ ಸಂತೋಷಪಡಬಹುದು. ಮಾರಾಟಕ್ಕಿಟ್ಟ ಕೂಡಲೇ ಪ್ರತಿ ನಟ್ಟಿಗೂ ಚರಿತ್ರೆ ಬೇಕಾಗುತ್ತದೆ.

ಮಾವ ಹೇಳಿದಂತೆ ಅವರು ಮಾರುವವರಿಗೆ ಎರಡು ಸಂಗತಿ ಕೇಳಿ ಬರೆದರು: ಬಣ್ಣ ಹೊಡೆಯುವ ಮೊದಲಿನ ಫೋಟೋ, ಎಂಜಿನ್ ನಂಬರಿನ ಫೋಟೋ. ಮಾರುವವರು ಹಿಂಜರಿಯದೆ ಹದಿನೈದು ಫೋಟೋ ಕಳಿಸಿದರು. ಅಡ್ಡಪಟ್ಟಿ ಕೊಟ್ಟೇ ಬೆಸುಗೆ ಹಾಕಿದ್ದು ಕಾಣುತ್ತಿತ್ತು. “ಕೆಲಸ ಗೊತ್ತಿದ್ದವನೇ. ಬಾಡಿಗೂ ಚಾಸಿಗೂ ನಡುವೆ ಎರಡು ತೆಳು ತಗಡು ಇಟ್ಟರೆ ಸಂದು ಸರಿಯಾಗ್ತದೆ,” ಎಂದರು ಮಾವ. ಎಂಜಿನ್ ನಂಬರು ಮಾತ್ರ ‘ಜಿ’ಯಿಂದ ಶುರುವಾಗಿತ್ತು. ಸ್ಪಿಟ್‌ಫೈರಿನದು ‘ಎಫ್’ನಿಂದ ಶುರುವಾಗಬೇಕು, ‘ಜಿ’ ಹೆರಾಲ್ಡಿನದು. ಯಾವುದೋ ಕಾಲದಲ್ಲಿ ತಂಗಿಯ ಎದೆ ನಿಂತುಹೋಗಿ ಅಕ್ಕನದನ್ನು ತಂದು ಕೂರಿಸಿದ್ದಾರೆ.

ಸಂಗ್ರಹಕಾರರ ಲೆಕ್ಕದಲ್ಲಿ ಇದು ದೊಡ್ಡ ಕುಂದು, ಬೆಲೆ ಇಳಿಯಲೇಬೇಕು. ಬೆಳ್ತಂಗಡಿಯವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅದರ ಸದ್ದು ಅಪ್ಪನ ಕಾರಿನ ಹಾಗೇ ಇರ್ತದಾ?” ಎಂದು ಕೇಳಿದರು. “ಇರ್ತದೆ,” ಎಂದರು ಮಾವ. ಆಮೇಲೆ ಕಟುವಾಗಿಯೇ ಸೇರಿಸಿದರು: “ಆದ್ರೆ ಸದ್ದಿಗೆ ಅಷ್ಟು ದುಡ್ಡು ಕೊಡ್ಬೇಡಿ. ಮಗಳ ಓದು ಮುಗೀಲಿಲ್ಲ ನಿಮ್ದು.”

ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಇಂಥ ಕಾರನ್ನು ‘ವಿಎ’ ಅಕ್ಷರಗಳ ನಂಬರಿನಲ್ಲಿ ನೋಂದಾಯಿಸಬಹುದು, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಅಷ್ಟಕ್ಕೇ ಆದರೂ ಬೇಕೋ ಎಂದು ಅವರು ಯೋಚಿಸುತ್ತಿದ್ದಾರೆ. ಮಾರುವವರು ಜಾಹೀರಾತಿನಲ್ಲಿ ‘ಒರಿಜಿನಲ್’ ತೆಗೆದು ‘ಎಂಜಿನ್ ಹೆರಾಲ್ಡಿನದು’ ಎಂದು ಬರೆದಿದ್ದಾರೆ. ನನ್ನ ಮಟ್ಟಿಗೆ ಅದು ಕಂಸ.

ಈ ಗಡಿಬಿಡಿಯಲ್ಲಿ ಮಾವ ಅಟ್ಟದಿಂದ ಗ್ಯಾರೇಜಿನ ಹಳೆಯ ಲೆಕ್ಕದ ಪುಸ್ತಕಗಳನ್ನು ಇಳಿಸಿದರು. ಯಾವ ಕಾರಿನ ಗೇರ್‌ಬಾಕ್ಸ್ ಯಾವ ಕಾರಿಗೆ ಹೋಯಿತು, ಯಾವ ಸ್ಪ್ರಿಂಗ್ ಪಟ್ಟಿ ಯಾವ ಗುಜರಿಯಿಂದ ಬಂತು, ಎಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಭಾನುವಾರಗಳಂದು ಅವನ್ನು ನಕಲು ಮಾಡುತ್ತಿದ್ದೇನೆ. ನಲವತ್ತು ಪುಟ ಮುಗಿದಿದೆ. ಎಂಟನೆಯ ಪುಟದಲ್ಲಿ ಗೆದ್ದಲು ತಿಂದ ಒಂದು ಶಬ್ದವಿದೆ. “ಕಾರ್ಬುರೇಟರ್ ಅಂತ ಬರೆದು ಬಿಡು, ಅದೇ ಇರ್ಬೇಕು,” ಎಂದರು ಮಾವ. ಕಂಸದೊಳಗೆ ಬರೆದು, ಪಕ್ಕದಲ್ಲಿ ಹೇಳಿದವರ ಹೆಸರು ಹಾಕಿದ್ದೇನೆ.