ಕಾರಿನ ಸಂಸಾರ

ನಮ್ಮ ಬೀದಿಗೆ ಕಾರು ಬರುವುದು ಈಗೀಗ ಕಣ್ಣಿಗಿಂತ ಮೊದಲು ಅಡುಗೆಮನೆಯ ಪಾತ್ರೆಗಳಿಗೆ ಗೊತ್ತಾಗುತ್ತದೆ. ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟ ಸ್ಟೀಲ್ ತಟ್ಟೆಗಳು ಮೊದಲು ಝಿಲ್ಲೆನ್ನುತ್ತವೆ, ಆಮೇಲೆ ಕಿಟಕಿಯ ಗಾಜು, ಆಮೇಲೆ ನಮ್ಮ ಎದೆ. ಹಾಡು ಯಾವುದೆಂದು ಮಾತ್ರ ಕೇಳಬೇಡಿ. ಹಾಡು ಕಾರಿನೊಳಗೇ ಉಳಿದಿರುತ್ತದೆ, ಬೀದಿಯವರ ಪಾಲಿಗೆ ಬರುವುದು ಬರೀ 'ಧುಂ ಧುಂ'. ನಿಮ್ಮ ಬೀದಿಯಲ್ಲೂ ಇಂಥದೊಂದು ಕಾರು ಇದ್ದೀತು. ಅದು ಪಕ್ಕದ ಮನೆಯವರದಾದರೆ ಬೈದು ಸುಮ್ಮನಾಗಬಹುದು. ಹೆತ್ತ ಮಗನದೇ ಆದರೆ?

ಕಾರಿಗೂ ಹಾಡಿಗೂ ನಂಟು ಹಳೆಯದು. 1930ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಪಾಲ್ ಗ್ಯಾಲ್ವಿನ್ ಎಂಬಾತ 'ಮೋಟೊರೋಲಾ' ಎಂಬ ಹೆಸರಿಟ್ಟು ಕಾರಿನ ರೇಡಿಯೋ ಮಾರತೊಡಗಿದ. ಆ ಕಾಲದ ವಾಲ್ವ್ ರೇಡಿಯೋಗಳಿಗೆ ಕಾರಿನ ಬ್ಯಾಟರಿಯೊಂದೇ ಸಾಲದೆ, ಬೇರೆ ಒಣ ಬ್ಯಾಟರಿಗಳನ್ನೂ ಕಾರು ಹೊತ್ತು ತಿರುಗಬೇಕಾಗಿತ್ತು. ಅಂದರೆ ಈ ಅತಿಥಿ ಮೊದಲಿನಿಂದಲೂ ಖರ್ಚಿನವನೇ.

ನಮ್ಮ ಮನೆಯದು ಸಾಧು ಸ್ವಭಾವದ ಸಣ್ಣ ಕಾರು. ಮದುವೆ, ಮುಂಜಿ, ತವರಿನ ದಾರಿ ಬಿಟ್ಟರೆ ಬೇರೆ ಕಂಡದ್ದಲ್ಲ. ಮಗರಾಯ ಕೆಲಸಕ್ಕೆ ಸೇರಿ ಎರಡು ಸಂಬಳ ಎಣಿಸಿದ್ದೇ ತಡ, ಅದರ ಡಿಕ್ಕಿಯಲ್ಲಿ ದೊಡ್ಡದೊಂದು ಕಪ್ಪು ಪೆಟ್ಟಿಗೆ ಬಂದು ಕೂತಿತು. "ಏನೋ ಇದು, ಅಕ್ಕಿ ತುಂಬೋ ಡಬ್ಬವೇ?" ಎಂದರು ನಮ್ಮ ಅತ್ತೆ. "ವೂಫರ್ ಅಜ್ಜಿ, ಜೊತೆಗೆ ಆಂಪ್ಲಿಫೈಯರ್. ಸಾವಿರ ವ್ಯಾಟ್!" ಎಂದ. ಮನೆಯ ಮಿಕ್ಸಿಯೇ 500 ವ್ಯಾಟಿನದು. ಎರಡು ಮಿಕ್ಸಿ ಒಟ್ಟಿಗೇ ರುಬ್ಬುವಷ್ಟು ಕರೆಂಟು ಈ ಬಡಪಾಯಿ ಕಾರಿಗೆ ಎಲ್ಲಿಂದ ಬಂದೀತು ಎಂದು ನನಗೆ ಅಂದೇ ಅನುಮಾನ.

ಕಾರೇನೋ ಮೊದಲಿನಿಂದಲೇ ಹೇಳತೊಡಗಿತ್ತು. ರಾತ್ರಿ ಹೊತ್ತು ಒಂದೊಂದು 'ಧುಂ'ಗೂ ಹೆಡ್‌ಲೈಟು ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತಿತ್ತು. ಮಗನಿಗೆ ಅದೊಂದು ಹೆಮ್ಮೆ, ದೀಪವೂ ತಾಳ ಹಾಕುತ್ತದಂತೆ! ಕೆಲವು ತಿಂಗಳಲ್ಲಿ ಬೆಳಗಿನ ಹೊತ್ತು ಸೆಲ್ಫ್ ಹೊಡೆದರೆ ಎಂಜಿನ್ನು ಮುಲುಗತೊಡಗಿತು. ಬ್ಯಾಟರಿ ಹಳೆಯದಾಯಿತೆಂದು ಹೊಸದು ತಂದರು. ವರ್ಷ ತುಂಬುವುದರೊಳಗೆ ಅದೂ ಮಲಗಿತು. ಮನೆಯಲ್ಲಿ ಏನೇ ಎಡವಟ್ಟಾದರೂ ಸೊಸೆಯ ಕಾಲ್ಗುಣ ಎನ್ನುವವರಿದ್ದಾರಲ್ಲ, ಹಾಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬ್ಯಾಟರಿ ಸರಿಯಿಲ್ಲ.

ಆಷಾಢದ ಒಂದು ರಾತ್ರಿ ಅತ್ತೆಗೆ ಉಬ್ಬಸ ಏರಿತು. ಹಾಸನದ ಆ ಮಳೆ, ಆ ಥಂಡಿ ನಿಮಗೆ ಗೊತ್ತಿದ್ದದ್ದೇ. ಸಂಪಿಗೆಯಂತೆ ಬೆಳ್ಳಗಿದ್ದ ಮುಖ ಕಪ್ಪಿಟ್ಟಿತ್ತು. ಒಂದೊಂದು ಉಸಿರಿಗೂ ಭುಜ ಎತ್ತಿ ಎತ್ತಿ ಹೆಣಗುತ್ತಿದ್ದರು. ನಮ್ಮವರೂ ಮಗನೂ ಅವರನ್ನು ಎತ್ತಿ ತಂದು ಕಾರಿನಲ್ಲಿ ಕೂರಿಸಿದರು. ಮಗ ಕೀಲಿ ತಿರುವಿದ. 'ಟಿಕ್.' ಮತ್ತೊಮ್ಮೆ ತಿರುವಿದ. 'ಟಿಕ್ ಟಿಕ್.' ಅಷ್ಟೆ. ಅಂದು ಸಂಜೆ ಗೆಳೆಯರ ಜೊತೆ ಮೈದಾನದಲ್ಲಿ ಎಂಜಿನ್ ಆರಿಸಿ ಮೂರು ಗಂಟೆ ಹಾಡು ಕೇಳಿ ಬಂದಿದ್ದನಂತೆ. ಎದುರು ಮನೆಯ ಆಟೋದವರನ್ನು ಎಬ್ಬಿಸಿ ಆಸ್ಪತ್ರೆ ಮುಟ್ಟಿದೆವು. ಬೆಳಗಾಗುವಷ್ಟರಲ್ಲಿ ಅತ್ತೆಯ ಉಸಿರು ಹದಕ್ಕೆ ಬಂತು. ಆದರೆ ಆ 'ಟಿಕ್ ಟಿಕ್' ಬಹಳ ದಿನ ನನ್ನ ಕಿವಿಯಿಂದ ಹೋಗಲಿಲ್ಲ.

ಮೂರನೆಯ ಬ್ಯಾಟರಿ ಕೊಳ್ಳುವ ಮೊದಲು, ವಾಹನಗಳ ಎಲೆಕ್ಟ್ರಿಕ್ ಕೆಲಸ ಮಾಡುವ ಹಿರಿಯರೊಬ್ಬರಲ್ಲಿಗೆ ಮಗನ ಜೊತೆ ನಾನೂ ಹೋದೆ. ಅವರು ಬಾನೆಟ್ ಎತ್ತಿ ನನ್ನನ್ನೇ ಹತ್ತಿರ ಕರೆದರು. "ಅಮ್ಮಾ, ಬ್ಯಾಟರಿ ದುಡಿಯೋದಲ್ಲ, ಕೂಡಿಡೋದು. ದುಡಿಯೋದು ಇದು, ಡೈನಮೋ" ಎಂದು ಬೆಲ್ಟಿನಿಂದ ತಿರುಗುವ ಉಂಡೆಯಂಥದೊಂದನ್ನು ತೋರಿಸಿದರು. ಈಗಿನ ಕಾರುಗಳಲ್ಲಿ ಇರುವುದು ಆಲ್ಟರ್ನೇಟರ್; ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಡೈನಮೋ.

ಆ ಒಂದು ಮಾತಿಗೆ ನನಗೆ ಕಾರಿನ ಸಂಸಾರವೆಲ್ಲ ಅರ್ಥವಾಯಿತು. ಆಲ್ಟರ್ನೇಟರ್ ಎಂದರೆ ತಿಂಗಳ ಸಂಬಳ. ಬ್ಯಾಟರಿ ಎಂದರೆ ನಾವು ಸಾಸಿವೆ ಡಬ್ಬಿಯಲ್ಲಿ ಉಳಿಸಿಟ್ಟ ದುಡ್ಡು. ಕಾರು ಹೊರಡುವಾಗ ಸೆಲ್ಫ್ ಮೋಟಾರು ಒಂದೆರಡು ಸೆಕೆಂಡು ನೂರು ಆಂಪಿಯರಿಗೂ ಮಿಗಿಲಾಗಿ ಎಳೆಯುತ್ತದೆ. ಅದನ್ನು ಕೊಡುವುದು ಡಬ್ಬಿ. ಎಂಜಿನ್ ಹೊರಟ ಮೇಲೆ ಸಂಬಳ ಬರುತ್ತದೆ. ಅದರಲ್ಲೇ ಮನೆ ನಡೆದು, ಡಬ್ಬಿಗೂ ಮರಳಿ ಬೀಳಬೇಕು.

ಈಗ ಲೆಕ್ಕ ನೋಡಿ. ಸಣ್ಣ ಕಾರಿನ ಆಲ್ಟರ್ನೇಟರ್ 60-70 ಆಂಪಿಯರ್ ಕೊಟ್ಟೀತು, ಅದೂ ಎಂಜಿನ್ ವೇಗವಾಗಿ ತಿರುಗುವಾಗ. ಸಿಗ್ನಲಿನಲ್ಲಿ ನಿಂತಾಗ ಸಂಬಳ ಅರ್ಧದಷ್ಟಕ್ಕೆ ಇಳಿಯುತ್ತದೆ. ಎರಡು ಹೆಡ್‌ಲೈಟಿಗೆ ಸುಮಾರು 9 ಆಂಪಿಯರ್. ಎಂಜಿನ್ನಿನ ಸ್ವಂತ ಖರ್ಚು, ವೈಪರ್, ಫ್ಯಾನು ಸೇರಿದರೆ ಮಳೆಯ ರಾತ್ರಿ 30ರ ಆಸುಪಾಸು. ಇನ್ನು ನಮ್ಮ ಅತಿಥಿ. ಪೆಟ್ಟಿಗೆಯ ಮೇಲಿನ 'ಸಾವಿರ ವ್ಯಾಟ್' ಜಂಬದ ಮಾತು. ನಿಜವಾಗಿ ಕೊಡುವುದು 400 ಇದ್ದೀತು ಎಂದರು ಅವರು. ಆದರೆ ಹಳೆಯ ಬಗೆಯ ಆಂಪ್ಲಿಫೈಯರ್ ತಿಂದದ್ದರಲ್ಲಿ ಅರ್ಧವನ್ನು ಬಿಸಿಯಾಗುವುದರಲ್ಲೇ ಕಳೆಯುತ್ತದೆ. 400 ವ್ಯಾಟಿನ ಸದ್ದಿಗೆ 800 ವ್ಯಾಟ್ ಕೇಳುತ್ತದೆ, ಅಂದರೆ ಹತ್ತಿರ ಹತ್ತಿರ 60 ಆಂಪಿಯರ್. ಹಾಡಿನ ಉದ್ದಕ್ಕೂ ಇಷ್ಟು ಬೇಕಾಗದು, ಸರಾಸರಿ ಬಹಳ ಕಡಿಮೆ. ಆದರೆ ಪ್ರತಿ 'ಧುಂ'ಗೂ ಒಮ್ಮೆ ಬೇಕು. ಸಂಬಳಕ್ಕೆ ಮೀರಿದ್ದನ್ನು ಡಬ್ಬಿಯೇ ತುಂಬುತ್ತದೆ. ಹೆಡ್‌ಲೈಟು ತಾಳ ಹಾಕುತ್ತಿದ್ದುದು ಅದಕ್ಕೇ.

ಎಂಜಿನ್ ಆರಿಸಿ ಕೇಳಿದರಂತೂ ಸಂಬಳವೇ ಇಲ್ಲ, ಎಲ್ಲ ಡಬ್ಬಿಯದೇ. 5 ಆಂಪಿಯರಿನಂತೆ ತಿಂದರೂ ಮೂರು ಗಂಟೆಗೆ 15 ಆಯಿತು. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಗಂಟೇ 35. ಆಮೇಲೆ ಮನೆಗೆ ಬರುವ ಎರಡು ಕಿಲೋಮೀಟರಿನಲ್ಲಿ ಎಷ್ಟು ಮರಳಿ ತುಂಬೀತು? ಹೀಗೆ ಅರೆಹೊಟ್ಟೆಯಲ್ಲೇ ಇರುವ ಬ್ಯಾಟರಿಯ ಸೀಸದ ತಗಡುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಕ್ರಮೇಣ ತುಂಬಿಕೊಳ್ಳುವ ಶಕ್ತಿಯೇ ಹೋಗುತ್ತದೆ. ಇತ್ತ ಬರಿದಾದ ಬ್ಯಾಟರಿಯನ್ನು ತುಂಬಲು ಪುರಸೊತ್ತಿಲ್ಲದೆ ದುಡಿದ ಆಲ್ಟರ್ನೇಟರೂ ಕಾದು ಸುಡುತ್ತದೆ.

"ಹಾಗಾದರೆ ಇನ್ನೊಂದು ಬ್ಯಾಟರಿ ಹಾಕಿಬಿಡಿ" ಎಂದ ಮಗ. ಅವರು ನಕ್ಕರು. "ಡಬ್ಬಿ ಎರಡಾದರೆ ಸಂಬಳ ಹೆಚ್ಚುತ್ತೇನಪ್ಪ? ನಿಂತಲ್ಲಿ ಸ್ವಲ್ಪ ಹೊತ್ತು ಹೆಚ್ಚು ಹಾಡೀತು. ಆಮೇಲೆ ಎರಡನ್ನೂ ತುಂಬಬೇಕಾದ್ದು ಅದೇ ಡೈನಮೋ." ಗೆಳೆಯರು ಹೇಳಿದ್ದ ಕೆಪಾಸಿಟರಿನದೂ ಅದೇ ಕಥೆ. ಅದು ಒಂದು 'ಧುಂ'ಗೆ ಕೈಬದಲು ಕೊಟ್ಟು ಮರುಕ್ಷಣ ವಸೂಲು ಮಾಡುತ್ತದೆ, ತಾನಾಗಿ ಒಂದು ಪೈಸೆಯನ್ನೂ ಗಳಿಸುವುದಿಲ್ಲ. ದಾರಿ ಎರಡೇ: ದೊಡ್ಡ ಆಲ್ಟರ್ನೇಟರ್, ಇಲ್ಲವೇ ಚಿಕ್ಕ ಹೊಟ್ಟೆಯ ಅತಿಥಿ.

ನಾವು ಎರಡನೆಯದನ್ನು ಆರಿಸಿದೆವು. ತಿಂದದ್ದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಸ್ಪೀಕರಿಗೆ ದಾಟಿಸುವ 'ಡಿ ಕ್ಲಾಸ್' ಆಂಪ್ಲಿಫೈಯರ್, ಚಿಕ್ಕದು, ಬಂತು. ತೆಳ್ಳಗಿನ ವೈರು ಹೋಗಿ ಹೆಬ್ಬೆರಳು ಗಾತ್ರದ್ದು ಬಂತು. ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸು ಕೂತಿತು; ಅದಿಲ್ಲದೆ ವೈರು ಎಲ್ಲಾದರೂ ತಗಡಿಗೆ ಉಜ್ಜಿದರೆ ಕಾರಿಗೇ ಬೆಂಕಿ. ಕೊನೆಗೆ ಸ್ಟೀರಿಂಗಿನ ಪಕ್ಕ ವೋಲ್ಟು ತೋರಿಸುವ ಪುಟ್ಟ ಮೀಟರು. ಕಾರು ರಾತ್ರಿಯಿಡೀ ಸುಮ್ಮನಿದ್ದು ಬ್ಯಾಟರಿ ತುಂಬಿದ್ದರೆ 12.6. ಎಂಜಿನ್ ಓಡುವಾಗ ನಮ್ಮಂಥ ಕಾರಿನಲ್ಲಿ 13.8ರಿಂದ 14.4. ದೀಪ ಹಾಕಿ ಹಾಡು ಏರಿಸಿದಾಗ 13ರ ಕೆಳಗಿಳಿದರೆ, ಯಾರೋ ಡಬ್ಬಿಗೆ ಕೈಹಾಕಿದ್ದಾರೆ ಎಂದು ಅರ್ಥ. ಇಷ್ಟು ತಿಳಿಯಲು ಯಾವ ಎಂಜಿನಿಯರಿಂಗೂ ಬೇಡ. ತಿಂಗಳ ಕೊನೆಯ ವಾರ ಮನೆ ನಡೆಸಿದವರಿಗೆಲ್ಲ ಬರುವ ಲೆಕ್ಕವೇ.

ಮಗನ ಮೇಲೆ ನನಗೇನೂ ಸಿಟ್ಟಿಲ್ಲ. ಹಾಡು ಬೇಡವೆನ್ನುವ ವಯಸ್ಸೇ ಅದು? ಆದರೆ ತೂಗಿಸುವವರು ತೂಗಿಸುತ್ತಿರುವಷ್ಟು ದಿನ, ಎಲ್ಲಿಂದ ಬರುತ್ತಿದೆ ಎಂದು ಉಣ್ಣುವವರು ಕೇಳುವುದಿಲ್ಲ. ಡಬ್ಬಿ ಬರಿದಾಗುವುದೂ ಸದ್ದಿಲ್ಲದೆಯೇ. ಅಪರಾತ್ರಿಯಲ್ಲಿ ಕೈಹಾಕಿದವರಿಗಷ್ಟೇ ತಿಳಿಯುತ್ತದೆ.

ಈಗ ಅತ್ತೆ ಕಾರಿನಲ್ಲಿ ಮುಂದಿನ ಸೀಟೇ ಬೇಕೆನ್ನುತ್ತಾರೆ. ಕನ್ನಡಕ ಏರಿಸಿ ಮೀಟರಿನ ಅಂಕಿ ಓದಿ, ಮೊಮ್ಮಗನ ಕಡೆ ತಿರುಗಿ ಅಪ್ಪಣೆ ಕೊಡುತ್ತಾರೆ: "ಹದಿನಾಲ್ಕಿದೆ. ಹಾಕಪ್ಪ ಈಗ ಹಾಡು."