ಚಂದ್ರಲೋಕದ ಖರ್ಚು, ಕಲ್ಯಾಣದ ಲೆಕ್ಕ



ಚಂದ್ರಯಾನ-3ರ ವಿಕ್ರಮ್ ನೌಕೆಯು 2023ರ ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಸುರಕ್ಷಿತವಾಗಿ ಇಳಿದ ಸಂಗತಿ ತಮಗೆಲ್ಲ ವಿದಿತವೇ ಆಗಿದೆ. ಆ ಹರ್ಷದ ಬೆನ್ನಿಗೇ ನಮ್ಮ ಬಸವಕಲ್ಯಾಣ, ಹುಮನಾಬಾದಗಳ ಕಟ್ಟೆಗಳ ಮೇಲೆ ಒಂದು ಪ್ರಶ್ನೆಯೂ ಹುಟ್ಟಿತು: ಊರಕೆರೆಯ ಹೂಳೆತ್ತಲು ಹಣವಿಲ್ಲವೆನ್ನುವ ನಾಡಿನಲ್ಲಿ ಚಂದ್ರನ ಮೇಲೆ ಇಳಿಯಲು ಹಣವೆಲ್ಲಿಯದು? ಹೀಗೆ ಕೇಳುವವರನ್ನು ವಿಜ್ಞಾನವನ್ನರಿಯದ ಹಳ್ಳಿಗರೆಂದು ನಕ್ಕುಬಿಡುವ ವಿದ್ಯಾವಂತರನ್ನು ನಾನು ಕಂಡಿದ್ದೇನೆ. ಆ ನಗೆಯಲ್ಲಿ ನಾನು ಪಾಲುಗೊಳ್ಳಲಾರೆ. ಕಲ್ಯಾಣದ ನೆಲದಲ್ಲಿ ಹುಟ್ಟಿದವರು ಖರ್ಚಿನ ಲೆಕ್ಕ ಕೇಳದೆ ಹೋದರೆ ಇನ್ನಾರು ಕೇಳಬೇಕು?

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಮಠದ ಪ್ರಸಾದನಿಲಯದಲ್ಲಿ ಕೇಳುತ್ತ ಬೆಳೆದ ತಮಗೆ ಅದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಇದನ್ನು ಅತ್ಯಾಶೆಯನ್ನು ಖಂಡಿಸುವ ಕಥೆಯೆಂದೇ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಲೆಕ್ಕದ ಒಂದು ಕ್ರಮವೂ ಕಾಣುತ್ತದೆ. ಆ ತಾಯಿ ಅಕ್ಕಿ ಎಷ್ಟೆಂದು ನೋಡಿದಷ್ಟೇ, ಅದು ಯಾರಿಗೆ ಸಲ್ಲಬೇಕಾದುದೆಂಬುದನ್ನೂ ನೋಡಿದರು. ಬಾಹ್ಯಾಕಾಶದ ಖರ್ಚಿಗೂ ಅದೇ ಅಳತೆಗೋಲನ್ನು ಹಿಡಿಯಬಹುದಲ್ಲವೆ?

ಮೊದಲು ಮೊತ್ತವನ್ನು ನೋಡೋಣ. ಚಂದ್ರಯಾನ-3ಕ್ಕೆ ತಗುಲಿದ ವೆಚ್ಚ ಸುಮಾರು 615 ಕೋಟಿ ರೂಪಾಯಿ. ದೇಶದ 140 ಕೋಟಿ ಜನರಿಗೆ ಹಂಚಿದರೆ ತಲೆಗೆ ನಾಲ್ಕೂವರೆ ರೂಪಾಯಿಗಿಂತ ಕಡಿಮೆ; ಹುಮನಾಬಾದದ ಬಸ್ ನಿಲ್ದಾಣದಲ್ಲಿ ಅಷ್ಟಕ್ಕೆ ಒಂದು ಕಪ್ ಚಹವೂ ದೊರೆಯದು. ಬಾಹ್ಯಾಕಾಶ ಇಲಾಖೆಗೆ 2024-25ರ ಮುಂಗಡಪತ್ರದಲ್ಲಿ ತೆಗೆದಿರಿಸಿದ್ದು ಸುಮಾರು 13 ಸಾವಿರ ಕೋಟಿ. ಅದೇ ವರ್ಷ ಕೇಂದ್ರ ಸರಕಾರದ ಒಟ್ಟು ವೆಚ್ಚದ ಅಂದಾಜು 48 ಲಕ್ಷ ಕೋಟಿಗೂ ಮಿಗಿಲು. ಎಂದರೆ ಸಾವಿರ ರೂಪಾಯಿಯಲ್ಲಿ ಮೂರು ರೂಪಾಯಿಯೂ ಇಲ್ಲ.

ಇನ್ನು ನಮ್ಮ ಮನೆಯ ಅಂಗಳಕ್ಕೆ ಬರೋಣ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. 770 ಅಮರಗಣಂಗಳ ಸ್ಮರಣೆಗೆ 770 ಕಂಬಗಳ ಆ ಕಟ್ಟಡಕ್ಕೆ ಅಂದು ಹಾಕಿದ ಅಂದಾಜು 500 ಕೋಟಿ. ಅನಂತರ ಅದು ಆರುನೂರು ಕೋಟಿಯನ್ನು ದಾಟಿತು. ಚಂದ್ರಯಾನದ ಖರ್ಚೂ ಹೆಚ್ಚು ಕಡಿಮೆ ಅಷ್ಟೇ! ಮಂಟಪವನ್ನು ಆಕ್ಷೇಪಿಸಲು ಈ ಮಾತನ್ನು ಎತ್ತಿದವನಲ್ಲ ನಾನು. ಅದು ಆಗಬೇಕೆಂದು ಹಂಬಲಿಸಿದವರಲ್ಲಿ ನಾನೂ ಒಬ್ಬ. ಆದರೆ ಮಂಟಪದಿಂದ ಎಷ್ಟು ಹೊಟ್ಟೆ ತುಂಬೀತೆಂದು ನಾವು ಯಾರೂ ಕೇಳಲಿಲ್ಲ. ಹೊಟ್ಟೆ ತುಂಬಿಸದ ಕಾರ್ಯಗಳೂ ಮನುಷ್ಯನಿಗೆ ಬೇಕೆಂದು ಒಪ್ಪಿಯೇ ಸುಮ್ಮನಿದ್ದೆವು. ಆ ಔದಾರ್ಯವನ್ನು ವಿಜ್ಞಾನಿಗೆ ಮಾತ್ರ ನಿರಾಕರಿಸುವುದು ನ್ಯಾಯವಾಗಲಾರದು.

ಬಡವನ ಹಣವನ್ನು ನಿಜವಾಗಿ ನುಂಗಿದ್ದು ಯಾವುದೆಂದು ಅರಿಯಲು ಹುಮನಾಬಾದದ ರೈಲು ನಿಲ್ದಾಣಕ್ಕೆ ಹೋಗಿ ಒಂದು ಗಳಿಗೆ ಕುಳಿತರೆ ಸಾಕು. ಬೀದರದಿಂದ ಕಲಬುರಗಿಗೆ ಸುಮಾರು 110 ಕಿಲೋಮೀಟರಿನ ಆ ಮಾರ್ಗ 1990ರ ದಶಕದಲ್ಲಿ ಮಂಜೂರಾದಾಗ ಅಂದಾಜು ಸುಮಾರು 370 ಕೋಟಿ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗ ಖರ್ಚು 1,542 ಕೋಟಿಗೆ ಮುಟ್ಟಿತ್ತು. ಹೆಚ್ಚಾದ ಮೊತ್ತವೇ ಎರಡು ಚಂದ್ರಯಾನಗಳಿಗೆ ಹತ್ತಿರ ಹತ್ತಿರ. ಬೆಲೆಯೇರಿಕೆಯ ಪಾಲನ್ನು ಕಳೆದು ನೋಡಿರೆಂದು ಬಲ್ಲವರು ಹೇಳಬಹುದು. ನಿಜ, ಆದರೆ ಬೆಲೆ ಏರುವವರೆಗೆ ಕಾದು ಕುಳಿತವರು ಯಾರು? ಒಂದು ತಲೆಮಾರಿನ ಹುಡುಗರು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಾಲೇಜಿಗೆ ಹೋಗಿ ಬಂದರು. ಆ ನಷ್ಟ ಯಾವ ಖಾತೆಯಲ್ಲಿಯೂ ನಮೂದಾಗಲಿಲ್ಲ, ಅದಕ್ಕಾಗಿ ಕಟ್ಟೆಯ ಮೇಲೆ ಇಷ್ಟು ಕೋಪವೂ ಏಳಲಿಲ್ಲ.

ಹಾಗಾದರೆ ಮೇಲೆ ಹೋದ ಹಣ ಕೆಳಗೆ ಯಾರಿಗೆ ಸಂದಿತು? ಇದಕ್ಕೆ ನಮ್ಮ ಭಾಗದಲ್ಲಿಯೇ ಒಂದು ಹಳೆಯ ಸಾಕ್ಷ್ಯವುಂಟು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಬಂದಿತು. ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ನಮ್ಮ ಬೀದರ ಜಿಲ್ಲೆ ಅದರಲ್ಲಿರಲಿಲ್ಲ. ಗುಲಬರ್ಗಾ ಜಿಲ್ಲೆಯ ನನ್ನ ಸೋದರಮಾವನ ಊರಿನಲ್ಲಿ, ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯ ದೊಡ್ಡ ಛತ್ರಿಯನ್ನು ಶಾಲೆಯ ಬಳಿ ನಿಲ್ಲಿಸಿದ್ದರು. ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ಒಕ್ಕಲುತನ ಮತ್ತು ಆರೋಗ್ಯದ ಮಾತು. ಊರಿನ ಹೆಂಗಸರು ಹಗಲಿನ ಕೆಲಸ ತೀರಿಸಿ, ಸೆರಗು ಹೊದ್ದು ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕನ್ನಡದಲ್ಲಿ ಅದನ್ನು ಕೇಳಿದರು. ಸಿನಿಮಾ ಕೂಡ ಕಾಣದವರಿದ್ದರು ಅವರಲ್ಲಿ. ಆದರೆ ಉಪಗ್ರಹ ಅಮೇರಿಕೆಯದು. ಅವಧಿ ಮುಗಿದೊಡನೆ ಅದನ್ನು ಅವರು ಹಿಂದಕ್ಕೆ ಸರಿಸಿಕೊಂಡರು. ಎರವಿನ ದೀಪದಲ್ಲಿ ಓದುವವನ ಪಾಡು! 1977ರಲ್ಲಿ ಗುಲಬರ್ಗಾಕ್ಕೆ ನೆಲದ ಮೇಲಿನ ಪ್ರಸಾರಕೇಂದ್ರ ಬಂದಿತು. ಮುಂದೆ ನಮ್ಮದೇ ಇನ್ಸಾಟ್ ಉಪಗ್ರಹಗಳು ಏಕೆ ಬೇಕಾದುವೆಂಬುದನ್ನು ಆ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಹೆಸರು, ಉದ್ದು ರಾಶಿ ಮಾಡುವ ಕಾಲಕ್ಕೆ ಮಳೆಯ ಮುನ್ಸೂಚನೆ ಬರುವುದೂ ಆ ಉಪಗ್ರಹಗಳು ಕಳುಹಿಸುವ ಮೋಡದ ಚಿತ್ರಗಳ ನೆರವಿನಿಂದಲೇ. ಉಪಗ್ರಹ ಚಿತ್ರಗಳನ್ನು ಆಧರಿಸಿ, ಕುಡಿಯುವ ನೀರಿನ ರಾಷ್ಟ್ರೀಯ ಯೋಜನೆಗಾಗಿ ಅಂತರ್ಜಲದ ನಕಾಶೆಗಳನ್ನೂ ಸಿದ್ಧಪಡಿಸಿದ್ದಾರೆ. ಕರ್ನಾಟಕದ ನಕಾಶೆಗಳು ಮೊದಲ ಹಂತದಲ್ಲಿಯೇ ಆದವು. ಅವನ್ನು ನೋಡಬೇಕೆಂದು ನಾನು ಒಂದು ಕಚೇರಿಗೆ ಎರಡು ಸಲ ಅಲೆದೆ. ಸಾಹೇಬರು ಇಲ್ಲವೆಂಬುದೇ ದೊರೆತ ಉತ್ತರ. ಇತ್ತ ನಮ್ಮ ರೈತರು ಅಂಗೈಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನ ಮಾತಿಗೆ ಕೊಳವೆಬಾವಿ ಕೊರೆಯಿಸಿ ಸಾಲಗಾರರಾಗುತ್ತಿದ್ದಾರೆ. ದಾಸೋಹದಲ್ಲಿ ಅಡಿಗೆಯಾಗಿದೆ, ಬಡಿಸುವವರಿಲ್ಲ. ಈ ತಪ್ಪಿಗೆ ಅಡಿಗೆಮನೆಯನ್ನೇ ಮುಚ್ಚಿರೆನ್ನುವುದು ಎಂತಹ ವಿವೇಕ?

ಇಷ್ಟು ಹೇಳಿದ ಮೇಲೆ, ಲಕ್ಕಮ್ಮನವರ ಅಳತೆಗೋಲು ನನ್ನನ್ನೂ ತಡೆದು ನಿಲ್ಲಿಸುವ ಒಂದೆಡೆಯನ್ನು ಮುಚ್ಚಿಡಲಾರೆ. 2024ರ ಸೆಪ್ಟೆಂಬರಿನಲ್ಲಿ ಗಗನಯಾನ ಯೋಜನೆಯ ಮೊತ್ತವನ್ನು ಕೇಂದ್ರ ಸಚಿವಸಂಪುಟವು 20,193 ಕೋಟಿಗೆ ಏರಿಸಿತು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ಯುವುದರ ಜೊತೆಗೆ ಅಲ್ಲಿ ಕಟ್ಟಲಿರುವ ನಿಲ್ದಾಣದ ಮೊದಲ ಘಟಕವೂ ಅದರಲ್ಲಿ ಸೇರಿದೆ. ಚಂದ್ರಯಾನ-3ರಂತಹ ಮೂವತ್ತಕ್ಕೂ ಹೆಚ್ಚು ಯಾನಗಳ ಹಣವದು. ಚಂದ್ರನ ನೆಲವನ್ನು ಪರೀಕ್ಷಿಸಲು ಯಂತ್ರವೊಂದೇ ಸಾಕಾಯಿತು. ಮನುಷ್ಯನೇ ಮೇಲೇರುವುದರಿಂದ ಯಾರ ಪಾಲಿಗೆ ಏನು ಸಲ್ಲುವುದೆಂಬುದನ್ನು ನಾನು ಬಹಳ ಓದಿ ನೋಡಿದೆ. ದೇಶದ ಕೀರ್ತಿಯ ಮಾತು ಬಿಟ್ಟರೆ ಮನಸ್ಸಿಗೆ ಒಪ್ಪುವ ಉತ್ತರ ಇನ್ನೂ ದೊರೆತಿಲ್ಲ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಬೆಂಗಳೂರಿನಲ್ಲಿ ಎಂಜಿನಿಯರರಾಗಿರುವವರು ಅನೇಕರಿದ್ದಾರೆ. ಅವರಲ್ಲಿ ಈ ವಿಷಯವನ್ನು ಬಲ್ಲವರು, ಹುಮನಾಬಾದದ ಒಕ್ಕಲಿಗನಿಗೆ ತಿಳಿಯುವ ಕನ್ನಡದಲ್ಲಿ, ಇದೇ ಪತ್ರಿಕೆಗೆ ಎರಡು ಪುಟ ಬರೆದು ಕಳುಹಿಸಬೇಕೆಂದು ಬಿನ್ನವಿಸಿಕೊಳ್ಳುತ್ತೇನೆ.