ಹಾಡಿಗೊಂದು ಮುಖಪುಟ

ಹಾಡಿನ ಬಗ್ಗೆ ಪತ್ರಿಕೆ ತರುವುದು ಎಷ್ಟು ದೊಡ್ಡ ಸಾಹಸ ಅಂತ ಯಾವಾಗಲಾದರೂ ಯೋಚನೆ ಮಾಡಿದ್ದೀರಾ? ಅಡುಗೆ ಪತ್ರಿಕೆಯವರು ಹೋಳಿಗೆಯ ಮೇಲೆ ತುಪ್ಪ ಜಾರುವ ಚಿತ್ರ ಹಾಕಿದರೆ ಸಾಕು, ಬಾಯಲ್ಲಿ ನೀರು. ಸಿನಿಮಾ ಪತ್ರಿಕೆಗೆ ನಾಯಕಿಯ ಮುಖವೇ ಬಂಡವಾಳ. ಹಾಡಿನ ಪತ್ರಿಕೆಯವರು ಏನು ಮಾಡಬೇಕು? ಕಾಗದಕ್ಕೆ ಕಿವಿ ಹಚ್ಚಿದರೆ ಪುಟ ತಿರುವುವ ಸದ್ದು ಬಿಟ್ಟು ಬೇರೇನೂ ಕೇಳಿಸದು. ಆದರೂ ಜನ ತಂದಿದ್ದಾರೆ. ಉತ್ತರ ಪ್ರದೇಶದ ಹಾಥರಸ್‌ನಿಂದ ‘ಸಂಗೀತ್’ ಎಂಬ ಹಿಂದಿ ಮಾಸಿಕ 1935ರಲ್ಲೇ ಶುರುವಾಯಿತು. ಸ್ವರಲಿಪಿ ಅಚ್ಚು ಹಾಕಿ ಮನೆಮನೆಗೆ ಪಾಠ ಮುಟ್ಟಿಸಿತು. ಚೆನ್ನೈನಿಂದ ‘ಶ್ರುತಿ’ 1983ರಲ್ಲಿ ಬಂತು. ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’, ಎಲ್ಲರ ಬಾಯಲ್ಲಿ ಎನ್‌ಎಂಇ, 1952ರದು.

ಈ ಎನ್‌ಎಂಇಯ ಕತೆ ಚೆನ್ನಾಗಿದೆ, ಹೇಳಿಯೇ ಮುಂದಕ್ಕೆ ಹೋಗೋಣ. ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಇಪ್ಪತ್ತರಷ್ಟು ರೆಕಾರ್ಡ್ ಅಂಗಡಿಗಳಿಗೆ ಫೋನು ಮಾಡಿ ‘ಈ ವಾರ ಯಾವುದು ಜಾಸ್ತಿ ಹೋಯಿತು?’ ಎಂದು ವಿಚಾರಿಸಿ ಒಂದು ಪಟ್ಟಿ ಮಾಡಿದರು. 1952ರ ನವೆಂಬರ್ 14ರಂದು ಅದು ಅಚ್ಚಾಯಿತು. ಹನ್ನೆರಡು ಸ್ಥಾನಗಳ ಪಟ್ಟಿ. ಕೆಲವು ಹಾಡುಗಳು ಸರಿಸಮ ಬಂದದ್ದರಿಂದ ಅದರಲ್ಲಿ ಹದಿನೈದು ಹಾಡುಗಳು! ಮೊದಲ ಸ್ಥಾನ ಅಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕನಿಗೆ. ಬ್ರಿಟನ್ನಿನ ‘ಟಾಪ್ ಟೆನ್’ ಹುಚ್ಚೆಲ್ಲ ಹುಟ್ಟಿದ್ದು ಆ ಫೋನುಗಳಿಂದ. ಹಾಡನ್ನು ಕಾಗದದ ಮೇಲೆ ಕೇಳಿಸಲು ಆಗುವುದಿಲ್ಲ, ಆದರೆ ಓದುಗನಿಗೆ ಹಾಡಿನ ಆಸೆ ಹುಟ್ಟಿಸಬಹುದು ಎಂಬುದು ಅವರಿಗೆ ಗೊತ್ತಾಗಿತ್ತು.

ಇಷ್ಟೆಲ್ಲ ನನಗೆ ತಿಳಿದದ್ದು ನಮ್ಮಣ್ಣನ ಮಗಳ ದೆಸೆಯಿಂದ. ಅಣ್ಣನ ಸಂಸಾರ ಇಂಗ್ಲೆಂಡಿನಲ್ಲಿ. ಕೆಲವು ವರ್ಷಗಳ ಹಿಂದೆ ನಾನೂ ಅಮ್ಮನೂ ಅಲ್ಲಿಗೆ ಹೋಗಿದ್ದಾಗ ಹುಡುಗಿ ನಮ್ಮ ಪಿಯುಸಿಗೆ ಸಮನಾದ ತರಗತಿಯಲ್ಲಿ ಮೀಡಿಯಾ ಸ್ಟಡೀಸ್ ಓದುತ್ತಿದ್ದಳು. ಒಸಿಆರ್ ಎಂಬ ಪರೀಕ್ಷಾ ಮಂಡಳಿಯ ಆಗಿನ ಪಠ್ಯದಲ್ಲಿ ಒಂದು ದೊಡ್ಡ ಕೆಲಸವಿತ್ತು. ಮೊದಲು ಅಭ್ಯಾಸಕ್ಕೆಂದು ಕಾಲೇಜು ಪತ್ರಿಕೆಯ ಒಂದು ಮುಖಪುಟ, ಜೊತೆಗೆ ಪರಿವಿಡಿಯ ನಮೂನೆ. ಆಮೇಲೆ ನಿಜವಾದ ಪರೀಕ್ಷೆ: ಹೊಚ್ಚ ಹೊಸ ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿ, ಮತ್ತು ಎದುರುಬದುರು ಎರಡು ಪುಟಗಳ ಒಂದು ಲೇಖನ. ಬರಹವೂ ಸ್ವಂತದ್ದು, ಫೋಟೋಗಳೂ ಸ್ವಂತದ್ದು, ಕಡೇಪಕ್ಷ ನಾಲ್ಕು ಫೋಟೋ. ಇಂಟರ್‌ನೆಟ್ಟಿನಿಂದ ಯಾರೋ ದೊಡ್ಡ ಗಾಯಕಿಯ ಚಿತ್ರ ಇಳಿಸಿ ಅಂಟಿಸುವಂತಿಲ್ಲ. ಆದ್ದರಿಂದ ಗೆಳತಿಯೇ ಗಾಯಕಿಯಾಗಬೇಕು, ಅವಳ ಜೀವನಚರಿತ್ರೆಯನ್ನು ನೀವೇ ಹುಟ್ಟಿಸಬೇಕು, ಅವಳ ಸಂದರ್ಶನದಲ್ಲಿ ಪ್ರಶ್ನೆಯೂ ನಿಮ್ಮದೇ ಉತ್ತರವೂ ನಿಮ್ಮದೇ. ಎಲ್ಲ ಮುಗಿದ ಮೇಲೆ ಏಳು ಪ್ರಶ್ನೆಗಳು. ಓದುಗರು ಯಾರು, ಅವರನ್ನು ಹೇಗೆ ಸೆಳೆದೆ, ಯಾವ ಪ್ರಕಾಶಕರು ಇದನ್ನು ಹಂಚಿಯಾರು, ಹೀಗೆ. ಏಳನೆಯದು ನನಗೆ ಬಹಳ ಹಿಡಿಸಿತು: ಆ ಅಭ್ಯಾಸದ ಪುಟದಿಂದ ಈ ಪೂರ್ತಿ ಕೆಲಸದವರೆಗೆ ಬರುವಷ್ಟರಲ್ಲಿ ಏನು ಕಲಿತೆ?

ಮೀಡಿಯಾ ಸ್ಟಡೀಸ್ ಎಂದರೆ ಅಲ್ಲಿನ ದಿನಪತ್ರಿಕೆಗಳಿಗೂ ಸ್ವಲ್ಪ ಸಸಾರವೇ. ಸುಲಭದ ಓದು ಎಂಬ ಮಾತು ಬಹಳ ದಿನಗಳಿಂದ ಇದೆ. ಇಲ್ಲಿಂದ ಫೋನಿನಲ್ಲಿ ಮಾತಾಡುವ ನಮ್ಮ ಬಂಧುಗಳಂತೂ ‘ಅದೂ ಒಂದು ಓದೇ?’ ಎಂದು ಬಾಯಿಬಿಟ್ಟೇ ಕೇಳಿದರು. ನಾನು ಆ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದವನು. ಬೀಜಗಣಿತದ ಒಂದು ಅಧ್ಯಾಯಕ್ಕಿಂತ ಅದು ಯಾವ ರೀತಿಯಲ್ಲೂ ಕಡಿಮೆಯಿಲ್ಲ ಎಂದು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಮೊದಲ ವಾರ ಊಟದ ಮೇಜಿನ ತುಂಬ ಪತ್ರಿಕೆಗಳು. ಆಗಿನ್ನೂ ಎನ್‌ಎಂಇ ದುಡ್ಡು ಕೊಟ್ಟು ಕೊಳ್ಳುವ ವಾರಪತ್ರಿಕೆ. (2015ರಲ್ಲಿ ಅದನ್ನು ಪುಕ್ಕಟೆ ಹಂಚತೊಡಗಿದರು, 2018ರಲ್ಲಿ ವಾರವಾರ ಅಚ್ಚಾಗುವುದೇ ನಿಂತಿತು. 1986ರಲ್ಲಿ ಹುಟ್ಟಿದ ‘ಕ್ಯೂ’ ಕೂಡ 2020ರಲ್ಲಿ ನಿಂತುಹೋಯಿತು. ಆ ಮೇಜಿನ ಮೇಲಿದ್ದ ಅರ್ಧ ಪಾಲು ಈಗ ಇಲ್ಲ ಎನ್ನುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.) ಹುಡುಗಿ ಒಂದೊಂದನ್ನೂ ಎದುರಿಗಿಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದಳು. ‘ಕೆರಾಂಗ್’ ಎಂಬ ಪತ್ರಿಕೆಯ ಹೆಸರು ಬರೆದ ರೀತಿ ನೋಡಿ: ದಪ್ಪ ಅಕ್ಷರಗಳು, ಅವುಗಳಲ್ಲಿ ಬಿರುಕು. ಎಲೆಕ್ಟ್ರಿಕ್ ಗಿಟಾರನ್ನು ಒಮ್ಮೆಲೇ ಮೀಟಿದಾಗ ಬರುವ ಸದ್ದೇ ಆ ಹೆಸರು. ಆ ಸದ್ದು ತಗುಲಿ ಹೆಸರೇ ಒಡೆದಿದೆ! ‘ಕ್ಯೂ’ ಆದರೋ ಕೆಂಪು ಚೌಕದೊಳಗೆ ಒಂದೇ ಒಂದು ಬಿಳಿಯ ಅಕ್ಷರ, ದುಡಿಯುವ ವಯಸ್ಸಿನ, ಮನೆಯಲ್ಲಿ ಸಿ.ಡಿ. ಜೋಡಿಸಿಟ್ಟುಕೊಂಡವರ ಪತ್ರಿಕೆ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಒಳಗಿನ ಒಂದಕ್ಷರ ಓದುವ ಮೊದಲೇ ಪತ್ರಿಕೆ ತನ್ನ ಶ್ರುತಿ ಕೂಡಿಸಿಕೊಂಡಿರುತ್ತದೆ.

ಇನ್ನೊಂದು ಸೂಕ್ಷ್ಮ ಅವಳೇ ತೋರಿಸಿದಳು. ಬೇಕಾದ ಸುದ್ದಿಗಳೆಲ್ಲ ಮುಖಪುಟದ ಎಡಗಡೆಗೇ ಇರುತ್ತವೆ. ಯಾಕೆ? ಅಲ್ಲಿನ ಅಂಗಡಿಗಳ ಗೂಡಿನಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಒರಗಿಸಿ ಇಟ್ಟಾಗ ಕಾಣುವುದು ಎಡಗಡೆಯ ಪಟ್ಟಿ ಮಾತ್ರ. ನಮ್ಮ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವನು ದಾರ ಕಟ್ಟಿ, ಕ್ಲಿಪ್ಪು ಹಾಕಿ ಪತ್ರಿಕೆಗಳನ್ನು ತೂಗುಬಿಡುತ್ತಾನಲ್ಲ, ಅಲ್ಲಿ ಎಡವೂ ಬಲವೂ ಒಂದೇ, ತಲೆಯ ಭಾಗ ಕಂಡರೆ ಸರಿ. ಪುಟದ ವಿನ್ಯಾಸವನ್ನು ಅಂಗಡಿಯವನ ಕೈ ಕೂಡ ತಿದ್ದುತ್ತದೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹದಿನೇಳರ ಹುಡುಗಿ ಹೇಳಿಕೊಟ್ಟಳು.

ಫೋಟೋ ತೆಗೆಯುವ ದಿನ ಅತ್ತಿಗೆಯ ಬಿಳಿ ಬೆಡ್‌ಶೀಟು ಗೋಡೆಗೇರಿತು. ಬಂದ ಗೆಳತಿ ನಾಚಿಕೆಯ ಮುದ್ದೆ. ಅವಳಿಗೆ ತೋಳಿಲ್ಲದ ಕರಿಯ ಜಾಕೀಟು, ಕೈಗೆ ಎರವಲು ತಂದ ಗಿಟಾರು. ‘ಚಿಕ್ಕಪ್ಪಾ, ಆ ದೀಪ ಸ್ವಲ್ಪ ಮೇಲೆ ಹಿಡೀರಿ’ ಅಂತ ನನಗೂ ಕೆಲಸ ಸಿಕ್ಕಿತು. ಕ್ಯಾಮೆರಾವನ್ನೇ ನೋಡು, ನೇರವಾಗಿ ನೋಡು, ಇನ್ನೂ ನೋಡು ಅಂತ ಹುಡುಗಿಯ ಒತ್ತಾಯ. ಮುಖಪುಟದ ಮನುಷ್ಯ ಓದುಗನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಅಂಗಡಿಯಲ್ಲಿ ಹಾದುಹೋಗುವವನನ್ನು ಆ ನೋಟವೇ ನಿಲ್ಲಿಸಬೇಕು ಎನ್ನುವುದು ಅಲ್ಲಿ ಕಲಿಸುವ ಪಾಠ. ನಮ್ಮಮ್ಮ ಸೋಫಾದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಸಂಜೆ ಪರದೆಯ ಮೇಲೆ ಫೋಟೋ ತೋರಿಸಿದಾಗ ಕೇಳಿದರು, ‘ಯಾಕೆ ಮಗೂ ಇವಳು ಹೀಗೆ ಗುರಾಯಿಸ್ತಾಳೆ? ಹಾಡೋರು ಕಣ್ಣು ಮುಚ್ಕೊಂಡಲ್ವೇನೇ ಹಾಡೋದು?’

ಹುಡುಗಿ ಸುಮ್ಮನಾದಳು. ನಾನೂ ಸುಮ್ಮನಾದೆ. ಹೌದಲ್ಲವೇ? ಭೀಮಸೇನ ಜೋಶಿಯವರ ಫೋಟೋಗಳನ್ನು ನೆನಪು ಮಾಡಿಕೊಳ್ಳಿ. ಮೇಲಕ್ಕೆತ್ತಿದ ಕೈ, ಸೆಟೆದ ಕುತ್ತಿಗೆ, ಬಿಗಿದು ಮುಚ್ಚಿದ ಕಣ್ಣು. ಅವರು ನಮ್ಮನ್ನು ನೋಡುತ್ತಿಲ್ಲ, ಸ್ವರವನ್ನು ನೋಡುತ್ತಿದ್ದಾರೆ. ಆ ಕಾರಣಕ್ಕೇ ನಾವು ಅವರಿಂದ ಕಣ್ಣು ಕೀಳಲಾರೆವು. ಹಾಗಾದರೆ ಅಂಗಡಿಯಲ್ಲಿ ಜನರನ್ನು ನಿಲ್ಲಿಸುವುದು ಯಾವುದು, ತೆರೆದ ಕಣ್ಣೋ ಮುಚ್ಚಿದ ಕಣ್ಣೋ? ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಬಹು ಹೆಸರುವಾಸಿ ಮುಖಪುಟ 1981ರ ಜನವರಿ 22ರ ಸಂಚಿಕೆಯದು. ಗಾಯಕ ಜಾನ್ ಲೆನನ್ ಮೈಮೇಲೆ ಬಟ್ಟೆಯಿಲ್ಲದೆ ಮಗುವಿನ ಹಾಗೆ ಮುದುಡಿ ಹೆಂಡತಿ ಯೊಕೊ ಓನೊರನ್ನು ತಬ್ಬಿಕೊಂಡಿದ್ದಾನೆ. ಅವನ ಕಣ್ಣು ಮುಚ್ಚಿದೆ, ಓನೊ ಅವರ ನೋಟ ಬೇರೆಲ್ಲೋ ಇದೆ. ಆನಿ ಲೀಬೊವಿಟ್ಜ್ ಆ ಫೋಟೋ ತೆಗೆದ ದಿನವೇ, ಕೆಲವು ಗಂಟೆಗಳಲ್ಲಿ, ಲೆನನ್ ಗುಂಡಿಗೆ ಬಲಿಯಾದ. ಆ ಮುಖಪುಟದ ಮೇಲೆ ಪತ್ರಿಕೆಯ ಹೆಸರು ಬಿಟ್ಟರೆ ಒಂದು ತಲೆಬರಹವೂ ಇಲ್ಲ. ಕಲಿಸಿದ ನಿಯಮಗಳಲ್ಲಿ ಒಂದೂ ಅಲ್ಲಿ ಉಳಿದಿಲ್ಲ, ನೋಡಿ. ಹುಡುಗಿ ಕೊನೆಗೆ ಒಂದು ಹಾದಿ ಕಂಡುಕೊಂಡಳು. ಮುಖಪುಟಕ್ಕೆ ನೇರ ನೋಟ, ಒಳಗಿನ ಎರಡು ಪುಟಕ್ಕೆ ಕಣ್ಣು ಮುಚ್ಚಿ ಹಾಡುತ್ತಿರುವ ಚಿತ್ರ. ಅಂಗಡಿಯಲ್ಲಿ ಕರೆಯಬೇಕು, ಮನೆಗೆ ಬಂದವರ ಎದುರು ಹಾಡಬೇಕು ಅಂತ ಅವಳ ವಾದ. ಈ ವಾದವನ್ನು ಅವಳಿಗೆ ಯಾವ ಪಠ್ಯಪುಸ್ತಕವೂ ಕೊಟ್ಟಿರಲಿಲ್ಲ.

ಆ ಎರಡು ಪುಟದ ಕೆಲಸ ಶುರುವಾದಾಗ ಮತ್ತೊಂದು ತಾಪತ್ರಯ. ಪುಟಗಳ ನಡುವೆ ಮಡಿಕೆ ಇರುತ್ತದೆಯಲ್ಲ, ಪರದೆಯ ಮೇಲೆ ಅದು ಬರೀ ಒಂದು ತೆಳ್ಳನೆ ಗೆರೆ. ಅಚ್ಚಾಗಿ ಪಿನ್ನು ಹೊಡೆದ ಮೇಲೆ ಅದು ಹಳ್ಳ. ಗಾಯಕಿಯ ಮೂಗು ಸರಿಯಾಗಿ ಆ ಹಳ್ಳಕ್ಕೆ ಬಿತ್ತು. ಚಿತ್ರವನ್ನು ಬಲಕ್ಕೆ ಸರಿಸಿದರೆ ಬರಹಕ್ಕೆ ಜಾಗ ಸಾಲದು. ಇನ್‌ಡಿಸೈನ್ ಎಂಬ ತಂತ್ರಾಂಶದಲ್ಲಿ ಬರಹ ಚೌಕಟ್ಟಿಗೆ ಹಿಡಿಸದೆ ಹೆಚ್ಚಾದರೆ ಕೆಳಗಿನ ಬಲಮೂಲೆಯಲ್ಲಿ ಪುಟ್ಟದೊಂದು ಕೆಂಪು ‘ಪ್ಲಸ್’ ಗುರುತು ಬರುತ್ತದೆ. ಅದು ಹೋಗುವವರೆಗೆ ಬಿಡುವ ಹಾಗಿಲ್ಲ. ಅಕ್ಷರದ ಗಾತ್ರ ಚಿಕ್ಕದು ಮಾಡುವುದು ಸೋಮಾರಿಯ ದಾರಿ ಎಂದು ಅವಳ ಮೇಷ್ಟ್ರು ಮೊದಲೇ ಹೇಳಿದ್ದರಂತೆ. ಹಾಗಾಗಿ ಬರಹವನ್ನೇ ಕತ್ತರಿಸಬೇಕು. ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತೆವು. ಮೊದಲು ವಿಶೇಷಣಗಳು ಹೋದವು. ‘ತುಂಬಾ’, ‘ನಿಜಕ್ಕೂ’, ‘ಅದ್ಭುತ’ ಇವುಗಳ ಇಂಗ್ಲಿಷ್ ಅಕ್ಕತಂಗಿಯರೆಲ್ಲ ಹೋದರು. ಆಮೇಲೆ ಇಡೀ ಒಂದು ಪ್ರಶ್ನೆ ಹೋಯಿತು. ಗಾಯಕಿಯ ಬಾಲ್ಯದ ನಾಯಿ ಹೋಯಿತು. ಅದನ್ನು ತೆಗೆಯುವಾಗ ಹುಡುಗಿಗೆ ನಿಜವಾಗಿ ದುಃಖವಾಯಿತು. ಕಡೆಗೆ ಒಂದೇ ಒಂದು ಪದ ಹೆಚ್ಚಾಗಿ ಕೆಂಪು ಗುರುತು ಹಾಗೇ ಕೂತಿತ್ತು. ಒಂದು ವಾಕ್ಯವನ್ನು ತಿರುಗಿಸಿ ಬರೆದಳು, ಗುರುತು ಮಾಯ. ಓದಿ ನೋಡಿದರೆ ಬರಹ ಮೊದಲಿಗಿಂತ ಲವಲವಿಕೆಯಿಂದ ಓಡುತ್ತಿತ್ತು.

ಹಳೆಯ ಕಾಲದಲ್ಲಿ ಈ ಕೆಲಸವನ್ನು ಮೊಳೆ ಜೋಡಿಸುವವರು ಮಾಡಿಸುತ್ತಿದ್ದರು. ಪುಟ ಕಟ್ಟುವಾಗ ಎರಡು ಸಾಲು ಹೆಚ್ಚಾಯಿತು ಅಂತ ಪ್ರೆಸ್ಸಿನಿಂದ ಹುಡುಗ ಓಡಿ ಬಂದರೆ ಸಂಪಾದಕರು ನಿಂತಲ್ಲೇ ಎರಡು ಸಾಲು ಹೊಡೆಯಬೇಕು. ಕಡಿಮೆ ಬಿದ್ದರೆ? ಅದಕ್ಕೆ ನಮ್ಮ ಮಾಸಿಕಗಳಲ್ಲಿ ಲೇಖನದ ಕೊನೆಗೆ ಒಂದು ನಗೆಹನಿಯೋ ಒಂದು ಸ್ವಾರಸ್ಯದ ಸಂಗತಿಯೋ ಬರುತ್ತಿತ್ತು. ಲೇಖನ ಬಿಟ್ಟು ಮೊದಲು ಅವನ್ನೇ ಹುಡುಕಿ ಓದುತ್ತಿದ್ದವರು ನಿಮ್ಮಲ್ಲೂ ಇರಬೇಕು. ಖಾಲಿ ಜಾಗದ ಭಯದಿಂದ ಹುಟ್ಟಿದ ಸಾಹಿತ್ಯ ಅದು, ಆದರೂ ಎಷ್ಟು ಸೊಗಸು!

ಓದಲಾಗದ ಪುಟವನ್ನೇ ಅಚ್ಚು ಹಾಕಿದವನೂ ಒಬ್ಬನಿದ್ದಾನೆ. ಡೇವಿಡ್ ಕಾರ್ಸನ್, ಅಮೆರಿಕದವನು. ಸಮಾಜಶಾಸ್ತ್ರ ಓದಿದವನು, ಸಮುದ್ರದ ಅಲೆಗಳ ಮೇಲೆ ಹಲಗೆ ಇಟ್ಟು ಜಾರುವುದರಲ್ಲಿ ನಿಪುಣ. 1992ರಲ್ಲಿ ಶುರುವಾದ ‘ರೇ ಗನ್’ ಎಂಬ ಸಂಗೀತ ಪತ್ರಿಕೆಯ ಪುಟಗಳನ್ನು ಕಟ್ಟುತ್ತಿದ್ದ. ಬ್ರಯನ್ ಫೆರ್ರಿ ಎಂಬ ಗಾಯಕನ ಸಂದರ್ಶನ ಅವನಿಗೆ ನೀರಸ ಎನಿಸಿತು. ಇಡೀ ಸಂದರ್ಶನವನ್ನು ಜ್ಯಾಪ್ಫ್ ಡಿಂಗ್‌ಬ್ಯಾಟ್ಸ್ ಎಂಬ ಫಾಂಟಿನಲ್ಲಿ ಹಾಕಿಬಿಟ್ಟ. ಅದರಲ್ಲಿ ಅಕ್ಷರಗಳೇ ಇಲ್ಲ. ನಕ್ಷತ್ರ, ಬಾಣ, ಕತ್ತರಿ, ಹೂವು ಇಂಥ ಗುರುತುಗಳು ಮಾತ್ರ. ಓದಬಲ್ಲ ಪ್ರತಿಯನ್ನು ಸಂಚಿಕೆಯ ಕೊನೆಗೆ ಹಾಕಿದ್ದರು. ಹುಡುಗಿಗೆ ಕಾರ್ಸನ್ ಎಂದರೆ ದೇವರು. ನನಗೆ ಅವನ ಬೇರೆ ಪುಟಗಳು ಬಲು ಇಷ್ಟ, ಅಕ್ಷರಗಳು ತಾಳಕ್ಕೆ ತಪ್ಪದೆ ಜಿಗಿಯುತ್ತವೆ. ಆದರೆ ಈ ಒಂದು ಕೆಲಸವನ್ನು ಒಪ್ಪಲಾರೆ. ಕಷ್ಟಪಟ್ಟು ಮಾತಾಡಿಸಿ ಬರೆದವನ ಶ್ರಮ ಏನಾಗಬೇಕು? ‘ಚಿಕ್ಕಪ್ಪಾ, ಆ ಸಂದರ್ಶನದ ವಿಷಯ ನೀವು ಇವತ್ತೂ ಮಾತಾಡ್ತಿದೀರಲ್ಲ’ ಎಂದಳು. ಅದೂ ಹೌದು.

ಹಾಡನ್ನು ಪ್ರೀತಿಸದವನು ಹಾಡಿನ ಪುಟ ಕಟ್ಟಬಲ್ಲನೇ? ಇದು ನಮ್ಮಿಬ್ಬರ ನಡುವೆ ದಿನಗಟ್ಟಲೆ ನಡೆದ ಚರ್ಚೆ. ನಾನು ಸಾಧ್ಯವೇ ಇಲ್ಲ ಎಂಬ ಪಕ್ಷ. ಅವಳು ರೀಡ್ ಮೈಲ್ಸ್‌ನನ್ನು ಎದುರಿಗೆ ತಂದು ನಿಲ್ಲಿಸಿದಳು. ನ್ಯೂಯಾರ್ಕಿನ ‘ಬ್ಲೂ ನೋಟ್’ ಕಂಪನಿಯ ಜಾಜ್ ರೆಕಾರ್ಡುಗಳಿಗೆ ಐವತ್ತು-ಅರವತ್ತರ ದಶಕಗಳಲ್ಲಿ 500ರ ಹತ್ತಿರ ಹತ್ತಿರ ಹೊದಿಕೆಗಳನ್ನು ಮಾಡಿದವನು. ಒಂದೇ ಬಣ್ಣ, ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪುಬಿಳುಪು ಫೋಟೋ, ಹಿಗ್ಗಾಮುಗ್ಗಾ ಹಿಗ್ಗಿಸಿದ ಅಕ್ಷರ, ಉಳಿದದ್ದು ಬಯಲು. ಜಾಜ್ ಕಣ್ಣಿಗೆ ಹೇಗಿರುತ್ತದೆ ಅಂದರೆ ಜಗತ್ತು ಇವತ್ತಿಗೂ ಆ ಹೊದಿಕೆಗಳನ್ನೇ ತೋರಿಸುತ್ತದೆ. ಮೈಲ್ಸ್‌ಗೆ ಮಾತ್ರ ಜಾಜ್ ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಅವನ ಒಲವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗೆ. ನಾನು ಸೋಲೊಪ್ಪದೆ ವುಲ್ಫ್‌ನನ್ನು ಮುಂದೆ ಮಾಡಿದೆ. ಅವನಿಗೆ ಜಾಜ್ ಎಂದರೆ ಪ್ರಾಣ. ಧ್ವನಿಮುದ್ರಣ ನಡೆಯುವಾಗ ಅಲ್ಲೇ ಇದ್ದು ಫೋಟೋ ತೆಗೆಯುತ್ತಿದ್ದ. ಒಬ್ಬನ ಪ್ರೀತಿ, ಇನ್ನೊಬ್ಬನ ಕಣ್ಣಳತೆ, ಎರಡೂ ಕೂಡಿದ್ದರಿಂದ ಆ ಹೊದಿಕೆಗಳು ಆದವು ಎಂದು ಈಗಲೂ ನಂಬಿದ್ದೇನೆ. ಶಾಲೆಯ ಹುಡುಗಿ ಎರಡನ್ನೂ ಒಬ್ಬಳೇ ಮಾಡಬೇಕಲ್ಲ, ಅದರ ಕಷ್ಟ ಯಾರಿಗೆ ಅರ್ಥವಾಗುತ್ತದೆ?

ಅಚ್ಚು ಹಾಕಿಸಿದ ದಿನ ಅವಳ ಮಿಂಚುವ ನೀಲಿ ಬಣ್ಣ ಮಂಕಾಗಿ ಬಂತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದ ಶಾಯಿಯಿಂದ. ಇದನ್ನೂ ಏಳನೆಯ ಪ್ರಶ್ನೆಯ ಉತ್ತರದಲ್ಲಿ ಬರೆದಳು. ತಂತ್ರಾಂಶ, ಬಣ್ಣ, ಫಾಂಟು, ಎಲ್ಲ ಬರೆದಳು. ಅಜ್ಜಿಯ ಮಾತು, ಕತ್ತರಿಸಿದ ನಾಯಿ ಇವೆರಡನ್ನು ಬರೆಯಲಿಲ್ಲ. ನನ್ನನ್ನು ಕೇಳಿದರೆ ಅವಳು ಕಲಿತದ್ದರ ಮುಕ್ಕಾಲು ಪಾಲು ಆ ಎರಡರಲ್ಲೇ ಇದೆ. ತನಗೆ ಇಷ್ಟವಾದದ್ದನ್ನು ಇನ್ನೊಬ್ಬರ ಕಣ್ಣಿನಿಂದ ನೋಡುವುದು, ಪುಟಕ್ಕೆ ಬೇಡವಾದಾಗ ಅದನ್ನು ಬಿಡುವುದು. ದೊಡ್ಡವರಾದ ನಮಗೇ ಎಷ್ಟು ಜನಕ್ಕೆ ಇದು ಬರುತ್ತದೆ ಹೇಳಿ?

ಈಗ ಅವಳಿಗೆ ಹೊಸದೊಂದು ಹಂಬಲ. ಧಾರವಾಡದ ಸುತ್ತಿನ ಗಾಯಕರ ಮೇಲೆ ಕನ್ನಡದಲ್ಲಿ ಒಂದೇ ಒಂದು ಸಂಚಿಕೆ ಮಾಡಬೇಕಂತೆ. ಅಕ್ಷರ ಜೋಡಿಸಿ ನೋಡಿ ಗಾಬರಿಯಾಗಿದ್ದಾಳೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಸಾಲಿನ ನಡುವೆ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ದೊಡ್ಡಕ್ಷರ-ಚಿಕ್ಕಕ್ಷರ ಎಂಬ ಭೇದವೂ ಇಲ್ಲ, ಹಾಗಾಗಿ ಕೂಗಿ ಹೇಳಬೇಕಾದ್ದನ್ನು ಗಾತ್ರದಲ್ಲೋ ದಪ್ಪದಲ್ಲೋ ತೋರಿಸಬೇಕು. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡು ಮಗೂ, ನಮ್ಮ ಲಿಪಿಗೆ ಉಸಿರಾಡಲು ಗಾಳಿ ಬೇಕು ಅಂದಿದ್ದೇನೆ. ಮುಖಪುಟಕ್ಕೆ ಯಾರು ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಅವಳಿಗೆ ತಂಬೂರಿ ಹಿಡಿದ ಗಂಗೂಬಾಯಿ ಹಾನಗಲ್ ಬೇಕು. ನನ್ನ ವೋಟು ಮಲ್ಲಿಕಾರ್ಜುನ ಮನ್ಸೂರರಿಗೆ, ಕರಿಟೋಪಿ ಸಮೇತ. ಅತ್ತಿಗೆ ಹೊಸದಾಗಿ ಬಸವರಾಜ ರಾಜಗುರುಗಳ ಹೆಸರು ತೆಗೆದಿದ್ದಾರೆ. ಭಾನುವಾರ ಮತ್ತೆ ಫೋನು ಬರುತ್ತದೆ.